ಗಾಲ್ಫ್ ಸ್ಪ್ರೆಡ್ ಬೆಟ್ಟಿಂಗ್: ಹತ್ತರಲ್ಲಿ ಏಳು ಸಲ ಊಹೆ ಸರಿಯಾದರೂ ದುಡ್ಡು ಹೋಗುವುದೇಕೆ?

2000ನೇ ಇಸವಿಯ ಜೂನ್ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಯುಎಸ್ ಓಪನ್ ಗಾಲ್ಫ್ ಟೂರ್ನಿ ನಡೆಯಿತು. ಟೈಗರ್ ವುಡ್ಸ್ ಗೆದ್ದರು. ಅದರಲ್ಲಿ ಅಚ್ಚರಿಯೇನಿರಲಿಲ್ಲ, ಆಗ ಅವರೇ ಜಗತ್ತಿನ ನಂಬರ್ ಒನ್ ಆಟಗಾರ. ಅಚ್ಚರಿ ಇದ್ದದ್ದು ಗೆಲುವಿನ ಅಂತರದಲ್ಲಿ. ಎರಡನೇ ಸ್ಥಾನ ಹಂಚಿಕೊಂಡ ಎರ್ನಿ ಎಲ್ಸ್ ಮತ್ತು ಮಿಗೆಲ್ ಏಂಜೆಲ್ ಹಿಮೆನೆಜ್ ಅವರಿಗಿಂತ ವುಡ್ಸ್ 15 ಹೊಡೆತ ಮುಂದಿದ್ದರು. ದೊಡ್ಡ ಟೂರ್ನಿಗಳು ಒಂದೆರಡು ಹೊಡೆತಗಳ ಅಂತರದಲ್ಲಿ ಮುಗಿಯುವುದೇ ಹೆಚ್ಚು.

'ವುಡ್ಸ್ ಗೆಲ್ಲುತ್ತಾರೆ' ಎಂದು ಮಾಮೂಲಿ ಬಾಜಿ ಕಟ್ಟಿದವರಿಗೆ ಈ ಅಂತರದಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಒಂದು ಹೊಡೆತದಿಂದ ಗೆದ್ದರೂ ಅಷ್ಟೇ ದುಡ್ಡು, ಹದಿನೈದರಿಂದ ಗೆದ್ದರೂ ಅಷ್ಟೇ. ಆದರೆ ಬ್ರಿಟನ್‌ನಲ್ಲಿ ಇನ್ನೊಂದು ಬಗೆಯ ಬಾಜಿ ಚಾಲ್ತಿಯಲ್ಲಿದೆ. ಅದರಲ್ಲಿ ಆ '15' ಎಂಬ ಅಂಕಿಯೇ ಎಲ್ಲ. 'ಅಂತರ ಎರಡಕ್ಕಿಂತ ಹೆಚ್ಚಾಗಲಿಕ್ಕಿಲ್ಲ' ಎಂದು ನಂಬಿದವರು ಅಲ್ಲಿ ಸೋಲುವುದಷ್ಟೇ ಅಲ್ಲ, ಪ್ರತಿ ಹೆಚ್ಚುವರಿ ಹೊಡೆತಕ್ಕೂ ಮತ್ತೆ ಮತ್ತೆ ದುಡ್ಡು ಕೊಡಬೇಕು. ಇದೇ ಸ್ಪ್ರೆಡ್ ಬೆಟ್ಟಿಂಗ್.

ಇದು ಹೇಗೆ ನಡೆಯುತ್ತದೆ, ಗಾಲ್ಫ್‌ಗೆ ಬಂದಾಗ ಏಕೆ ಇನ್ನಷ್ಟು ಜಾರುನೆಲವಾಗುತ್ತದೆ, ಇದರ ಸುತ್ತ ಇರುವ ತಪ್ಪು ಕಲ್ಪನೆಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಟೂರ್ನಿಗಳ ಫಲಿತಾಂಶಗಳೆಲ್ಲ ನಿಜವಾದವು. ಬಾಜಿಯ ದರಗಳನ್ನು ಮಾತ್ರ ಲೆಕ್ಕ ಅರ್ಥವಾಗಲೆಂದು ನಾವೇ ಇಟ್ಟುಕೊಂಡಿದ್ದೇವೆ.

ಸ್ಪ್ರೆಡ್ ಬೆಟ್ಟಿಂಗ್ ಎಂದರೇನು?

ಮಾಮೂಲಿ ಬಾಜಿಯಲ್ಲಿ ಪ್ರಶ್ನೆಗೆ ಉತ್ತರ ಎರಡೇ: ಹೌದು ಅಥವಾ ಇಲ್ಲ. ಹತ್ತು ಪೌಂಡ್ ಕಟ್ಟಿದರೆ, ಸೋತಾಗ ಹೋಗುವುದು ಆ ಹತ್ತು ಪೌಂಡ್ ಮಾತ್ರ.

ಸ್ಪ್ರೆಡ್ ಬೆಟ್ಟಿಂಗ್‌ನಲ್ಲಿ ಪ್ರಶ್ನೆ 'ಎಷ್ಟು?' ಎಂಬುದು. ಬಾಜಿ ಕಂಪನಿ ಒಂದು ಅಂಕಿಯ ಬಗ್ಗೆ ಎರಡು ದರ ಹೇಳುತ್ತದೆ. ಚಿನ್ನದಂಗಡಿಯಲ್ಲಿ ಕೊಳ್ಳುವವರಿಗೆ ಒಂದು ದರ, ಹಳೆಯದನ್ನು ಮಾರಲು ಹೋದವರಿಗೆ ಅದಕ್ಕಿಂತ ಕಡಿಮೆ ದರ ಇರುವುದಿಲ್ಲವೇ? ಹಾಗೆಯೇ ಇಲ್ಲೂ. ಈ ಎರಡು ದರಗಳ ನಡುವಿನ ಅಂತರವೇ 'ಸ್ಪ್ರೆಡ್'.

ಉದಾಹರಣೆಗೆ, ಒಂದು ಟೂರ್ನಿಯ ಗೆಲುವಿನ ಅಂತರಕ್ಕೆ ಕಂಪನಿ 2.0–2.4 ಎಂದು ದರ ಹೇಳಿದೆ ಎನ್ನಿ.

- ಅಂತರ ಇದಕ್ಕಿಂತ ಹೆಚ್ಚಾಗುತ್ತದೆ ಎಂದು ನಿಮಗನ್ನಿಸಿದರೆ 2.4ಕ್ಕೆ 'ಕೊಳ್ಳುತ್ತೀರಿ'.
- ಕಡಿಮೆಯಾಗುತ್ತದೆ ಅನ್ನಿಸಿದರೆ 2.0ಕ್ಕೆ 'ಮಾರುತ್ತೀರಿ'.
- ಒಂದು ಹೊಡೆತಕ್ಕೆ ಎಷ್ಟು ಪೌಂಡ್ ಎಂದು ನೀವೇ ನಿಗದಿ ಮಾಡುತ್ತೀರಿ. 50 ಪೌಂಡ್ ಎಂದಿಟ್ಟುಕೊಳ್ಳೋಣ.

ಆಟಗಾರ ಒಂದು ಹೊಡೆತದಿಂದ ಗೆದ್ದರೆ, ಮಾರಿದವರಿಗೆ 2.0ರಿಂದ 1 ಕಳೆದು 1 ಹೊಡೆತದ ಲಾಭ, ಅಂದರೆ 50 ಪೌಂಡ್. ಟೂರ್ನಿ ಸಮಬಲವಾಗಿ ಪ್ಲೇ-ಆಫ್‌ಗೆ ಹೋಗಿ ಅಂತರ ಸೊನ್ನೆ ಎಂದಾದರೆ 100 ಪೌಂಡ್. ಇದಕ್ಕಿಂತ ಹೆಚ್ಚು ಗಳಿಸಲು ಸಾಧ್ಯವೇ ಇಲ್ಲ, ಅಂತರ ಸೊನ್ನೆಗಿಂತ ಕೆಳಗಿಳಿಯದು. ಆದರೆ ಪೆಬಲ್ ಬೀಚ್‌ನಲ್ಲಾದಂತೆ ಅಂತರ 15 ಆದರೆ? 15ರಿಂದ 2 ಕಳೆದರೆ 13. ಹದಿಮೂರು ಸಲ 50 ಅಂದರೆ 650 ಪೌಂಡ್ ನಷ್ಟ.

'ಹೊಡೆತಕ್ಕೆ 50' ಎಂದು ಕೇಳಿದಾಗ 50 ಪೌಂಡ್‌ನ ಬಾಜಿ ಎನ್ನಿಸುವುದು ಸಹಜ. ಮೊದಲ ತಪ್ಪು ತಿಳಿವಳಿಕೆ ಹುಟ್ಟುವುದು ಅಲ್ಲೇ. ಅದು ಬಾಜಿಯ ಮೊತ್ತವಲ್ಲ, ಪ್ರತಿ ಮೆಟ್ಟಿಲಿಗೆ ತೆರಬೇಕಾದ ಬೆಲೆ. ಮೆಟ್ಟಿಲು ಎಷ್ಟಿವೆ ಎಂಬುದು ಆಟ ಮುಗಿದ ಮೇಲೆಯೇ ಗೊತ್ತಾಗುವುದು.

ಅಮೆರಿಕದಲ್ಲೂ 'ಸ್ಪ್ರೆಡ್' ಎಂಬ ಪದ ಬಳಕೆಯಲ್ಲಿದೆ. ಆದರೆ ಅಲ್ಲಿ ಅದು ದುರ್ಬಲ ತಂಡಕ್ಕೆ ಇಂತಿಷ್ಟು ಅಂಕಗಳ ಮುನ್ನಡೆ ಕೊಟ್ಟು ಕಟ್ಟುವ ಬಾಜಿ. ಕಟ್ಟಿದ ದುಡ್ಡಿಗಿಂತ ಹೆಚ್ಚು ಅಲ್ಲಿ ಹೋಗುವುದಿಲ್ಲ. ಎರಡೂ ಬೇರೆ ಬೇರೆ.

ಚಿನ್ನದಿಂದ ಶುರುವಾದ ಕಥೆ

ಈ ಪದ್ಧತಿ ಬಂದದ್ದು ಆಟದ ಮೈದಾನದಿಂದಲ್ಲ, ಹಣಕಾಸಿನ ಪೇಟೆಯಿಂದ. 1970ರ ದಶಕದಲ್ಲಿ ಬ್ರಿಟನ್‌ನಲ್ಲಿ ವಿದೇಶಿ ವಿನಿಮಯದ ಮೇಲೆ ಬಿಗಿ ನಿಯಂತ್ರಣವಿತ್ತು. ಸಾಮಾನ್ಯರು ಚಿನ್ನದ ಮೇಲೆ ಹಣ ಹೂಡುವುದು ಸುಲಭವಿರಲಿಲ್ಲ. 1974ರಲ್ಲಿ ಸ್ಟುವರ್ಟ್ ವೀಲರ್ ಎಂಬವರು ಐಜಿ ಇಂಡೆಕ್ಸ್ ಎಂಬ ಕಂಪನಿ ತೆರೆದು, ಚಿನ್ನವನ್ನು ಕೊಳ್ಳದೆಯೇ ಅದರ ಬೆಲೆಯ ಏರಿಳಿತದ ಮೇಲೆ ಬಾಜಿ ಕಟ್ಟುವ ದಾರಿ ಮಾಡಿಕೊಟ್ಟರು. ಐಜಿ ಎಂದರೆ 'ಇನ್ವೆಸ್ಟರ್ಸ್ ಗೋಲ್ಡ್'.

ಮುಂದೆ ಷೇರು ಸೂಚ್ಯಂಕ, ಕರೆನ್ಸಿಗಳಿಗೂ ಇದೇ ಪದ್ಧತಿ ಬಂತು. ಸೂಚ್ಯಂಕ ಏರಿಳಿಯುವ ಅಂಕಿಯಾದರೆ, ಕ್ರಿಕೆಟ್ ತಂಡದ ರನ್ನೂ ಏರುವ ಅಂಕಿಯೇ ತಾನೆ? 1992ರಲ್ಲಿ ಆರಂಭವಾದ ಸ್ಪೋರ್ಟಿಂಗ್ ಇಂಡೆಕ್ಸ್ ಈ ಪದ್ಧತಿಯನ್ನು ಆಟಗಳಿಗೆ ತಂದು ಹೆಸರು ಮಾಡಿತು. 1999ರಲ್ಲಿ ಸ್ಪ್ರೆಡೆಕ್ಸ್ ಬಂತು. 2023ರಲ್ಲಿ ಸ್ಪ್ರೆಡೆಕ್ಸ್, ಸ್ಪೋರ್ಟಿಂಗ್ ಇಂಡೆಕ್ಸ್ ಅನ್ನು ಕೊಂಡುಕೊಂಡಿತು. ಆನ್‌ಲೈನ್‌ನಲ್ಲಿ ಕ್ರೀಡಾ ಸ್ಪ್ರೆಡ್ ಬೆಟ್ಟಿಂಗ್ ನಡೆಸಲು ಬ್ರಿಟನ್‌ನಲ್ಲಿ ಪರವಾನಗಿ ಇದ್ದದ್ದು ಈ ಎರಡಕ್ಕೇ. ಹಾಗಾಗಿ ಅಲ್ಲಿನ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರ ಈ ಖರೀದಿಯ ತನಿಖೆ ನಡೆಸಿತು. ದರ ಹೋಲಿಸಿ ನೋಡಲು ಅಂಗಡಿ ಎರಡೇ ಇದ್ದು, ಅವೂ ಒಂದಾದರೆ ಗ್ರಾಹಕನಿಗೆ ಏನು ಉಳಿಯುತ್ತದೆ ಎಂಬುದು ಆ ತನಿಖೆಯ ಹಿಂದಿದ್ದ ಪ್ರಶ್ನೆ.

ಗಾಲ್ಫ್‌ನಲ್ಲಿ ಯಾವುದರ ಮೇಲೆ ಬಾಜಿ?

ಗಾಲ್ಫ್‌ನ ಲೆಕ್ಕ ಮೊದಲು ತಿಳಿದುಕೊಳ್ಳೋಣ. ವೃತ್ತಿಪರ ಟೂರ್ನಿ ಸಾಮಾನ್ಯವಾಗಿ ನಾಲ್ಕು ದಿನದ್ದು. ದಿನಕ್ಕೆ 18 ಹೋಲ್‌ಗಳ ಒಂದು ಸುತ್ತು, ಒಟ್ಟು 72 ಹೋಲ್. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ವಿಜೇತರು. ಬ್ರಿಟನ್‌ನ ದಿ ಓಪನ್‌ನಂಥ ಟೂರ್ನಿಯಲ್ಲಿ 156 ಮಂದಿ ಆಡುತ್ತಾರೆ. ಎರಡು ದಿನದ ನಂತರ ಮೊದಲ 70 ಸ್ಥಾನದವರು ಮತ್ತು ಅವರಿಗೆ ಸಮನಾಗಿ ನಿಂತವರು ಉಳಿದು, ಮಿಕ್ಕವರು ಮನೆಗೆ ಹೋಗುತ್ತಾರೆ. ಇದಕ್ಕೆ 'ಕಟ್' ಎನ್ನುತ್ತಾರೆ.

ಇಷ್ಟೊಂದು ಅಂಕಿಗಳಿರುವ ಆಟ ಸ್ಪ್ರೆಡ್ ಬೆಟ್ಟಿಂಗ್‌ಗೆ ಹೇಳಿ ಮಾಡಿಸಿದಂತಿದೆ. ಮುಖ್ಯವಾಗಿ ಕಾಣುವ ಬಗೆಗಳು ಇವು:

ಅಂತಿಮ ಸ್ಥಾನ: ಆಟಗಾರ ಎಷ್ಟನೇ ಸ್ಥಾನದಲ್ಲಿ ಮುಗಿಸುತ್ತಾರೆ ಎಂಬುದು. ಕಟ್‌ನಲ್ಲಿ ಹೊರಬಿದ್ದವರಿಗೆ ಕಂಪನಿ ಮೊದಲೇ ಒಂದು ಗರಿಷ್ಠ ಅಂಕಿ ನಿಗದಿ ಮಾಡಿರುತ್ತದೆ.

ಇಬ್ಬರ ನಡುವಿನ ಹೊಡೆತಗಳ ಅಂತರ: ಒಂದು ಸುತ್ತಿಗೆ ಅಥವಾ ಇಡೀ ಟೂರ್ನಿಗೆ.

ಸೂಚ್ಯಂಕ: ವಿಜೇತರಿಗೆ ಇಷ್ಟು, ಎರಡನೆಯವರಿಗೆ ಇಷ್ಟು ಎಂದು ಅಂಕ ಕೊಡಲಾಗುತ್ತದೆ. ಕೆಳಗಿನವರಿಗೆಲ್ಲ ಸೊನ್ನೆ.

ಒಟ್ಟು ಲೆಕ್ಕ: ಗೆಲುವಿನ ಅಂತರ, ವಿಜೇತರ ಒಟ್ಟು ಹೊಡೆತ, ಒಂದು ಸುತ್ತಿನ ಬರ್ಡಿಗಳು ಇತ್ಯಾದಿ.

'ಅಂತಿಮ ಸ್ಥಾನ'ದ ಬಾಜಿ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ಸ್ಥಾನದ ಅಂಕಿ ಸಣ್ಣದಾದಷ್ಟೂ ಆಟ ಚೆನ್ನಾಗಿದೆ ಎಂದರ್ಥ. ಆದ್ದರಿಂದ ಆಟಗಾರರ ಮೇಲೆ ಭರವಸೆಯಿದ್ದರೆ 'ಮಾರಬೇಕು'. ಭರವಸೆ ಇಲ್ಲದಿದ್ದರೆ 'ಕೊಳ್ಳಬೇಕು'.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಎರಡು ಒಲಿಂಪಿಕ್ಸ್‌ಗಳನ್ನೇ ತೆಗೆದುಕೊಳ್ಳಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ಅವರು ವಿಶ್ವ ಕ್ರಮಾಂಕದಲ್ಲಿ 200ನೆಯವರು. ಕಣದಲ್ಲಿದ್ದವರು 60 ಮಂದಿ. ಅವರ ಅಂತಿಮ ಸ್ಥಾನಕ್ಕೆ 28–31 ಎಂಬ ದರವಿತ್ತು ಎಂದು ಊಹಿಸಿಕೊಳ್ಳಿ. ಅವರು ನಾಲ್ಕನೆಯವರಾಗಿ ಮುಗಿಸಿದರು. ಒಂದೇ ಹೊಡೆತದಲ್ಲಿ ಪದಕ ತಪ್ಪಿತು. 'ಪದಕ ಗೆಲ್ಲುತ್ತಾರೆ' ಎಂಬ ಮಾಮೂಲಿ ಬಾಜಿ ಕಟ್ಟಿದವರಿಗೆ ಸೊನ್ನೆ. ಆದರೆ ಸ್ಥಾನಕ್ಕೆ 5 ಪೌಂಡ್‌ನಂತೆ 28ಕ್ಕೆ ಮಾರಿದವರಿಗೆ 24 ಸ್ಥಾನದ ಲಾಭ, ಅಂದರೆ 120 ಪೌಂಡ್.

ಅದಕ್ಕೂ ಮೊದಲು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 18 ವರ್ಷದ ಅದಿತಿ ಮೊದಲ ಎರಡು ಸುತ್ತುಗಳಲ್ಲಿ 68, 68 ಹೊಡೆತ ಆಡಿ ಮೊದಲ ಹತ್ತರೊಳಗಿದ್ದರು. ಆಗ ದರ 14–17ಕ್ಕೆ ಇಳಿದಿತ್ತು ಎನ್ನಿ; ಅದೇ ಭರವಸೆಯಿಂದ 14ಕ್ಕೆ ಮಾರಿದ್ದೀರಿ. ಮೂರನೇ ಸುತ್ತಿನಲ್ಲಿ 79, ನಾಲ್ಕರಲ್ಲಿ 76. ಕೊನೆಗೆ ಸಿಕ್ಕಿದ್ದು ಜಂಟಿ 41ನೇ ಸ್ಥಾನ. 27 ಸ್ಥಾನಕ್ಕೆ 135 ಪೌಂಡ್ ನಷ್ಟ.

ಅದೇ ಆಟಗಾರ್ತಿ, ಅದೇ ಭರವಸೆ. ಎರಡು ದಿನದ ಆಟ ನೋಡಿದ ಮೇಲೆ ಕಟ್ಟಿದ ಬಾಜಿ ಸೋತಿತು. ನೋಡದೆ ಕಟ್ಟಿದ್ದು ಗೆದ್ದಿತು.

ಕಂಪನಿ ಗಳಿಸುವುದು ಎಲ್ಲಿ?

ಎರಡು ದರಗಳ ನಡುವೆ. ಒಬ್ಬ ಆಟಗಾರನ ಸ್ಥಾನಕ್ಕೆ 30–33 ಎಂಬ ದರವಿದೆ ಎನ್ನಿ. ನಡುವಿನ ಅಂಕಿ 31.5, ನ್ಯಾಯವಾದ ಅಂದಾಜು ಅದೇ ಎಂದುಕೊಳ್ಳೋಣ. ಕೊಳ್ಳುವವರು 33ಕ್ಕೆ ಕೊಳ್ಳಬೇಕು, ಮಾರುವವರು 30ಕ್ಕೆ ಮಾರಬೇಕು. ಇಬ್ಬರೂ ಒಂದೂವರೆ ಸ್ಥಾನ ಹಿಂದೆ ನಿಂತೇ ಓಟ ಶುರುಮಾಡುತ್ತಾರೆ.

ಸ್ಥಾನಕ್ಕೆ 10 ಪೌಂಡ್ ಆದರೆ ಪ್ರತಿ ಬಾಜಿಗೆ ಸರಾಸರಿ 15 ಪೌಂಡ್ ಹೀಗೆ ಸೋರುತ್ತದೆ. ವಾರಕ್ಕೊಂದರಂತೆ ಇಪ್ಪತ್ತು ವಾರ ಆಡಿದರೆ 300 ಪೌಂಡ್. ಗೆದ್ದ ವಾರವೂ ಸೋರುತ್ತದೆ, ಸೋತ ವಾರವೂ ಸೋರುತ್ತದೆ. ಒಮ್ಮೆ 400 ಗೆದ್ದು ಇನ್ನೊಮ್ಮೆ 300 ಸೋತವರಿಗೆ ಈ 15 ಪೌಂಡ್ ಕಣ್ಣಿಗೇ ಬೀಳುವುದಿಲ್ಲ.

ಆಟ ನಡೆಯುತ್ತಿರುವಾಗಲೇ ಬಾಜಿಯನ್ನು ಮುಚ್ಚಿ ಹೊರಬರುವ ಅವಕಾಶವೂ ಇದೆ. ಅದೊಂದು ಅನುಕೂಲವೇ. ಆದರೆ ಮುಚ್ಚುವುದು ಎಂದರೆ ಕೊಂಡದ್ದನ್ನು ಮಾರುವುದು ಅಥವಾ ಮಾರಿದ್ದನ್ನು ಕೊಳ್ಳುವುದು. ಅಲ್ಲಿಯೂ ಕಂಪನಿಯ ಆ ಹೊತ್ತಿನ ಎರಡು ದರಗಳಲ್ಲಿ ನಿಮಗೆ ಅನುಕೂಲವಲ್ಲದ್ದೇ ಸಿಗುತ್ತದೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಕಂಪನಿಯ ದರ ಬರೀ ಭವಿಷ್ಯವಾಣಿಯಲ್ಲ. ಕೊಳ್ಳುವವರೇ ಹೆಚ್ಚಾದರೆ ಅದು ದರವನ್ನು ಮೇಲಕ್ಕೆ ಸರಿಸಿ ಮಾರುವವರನ್ನು ಸೆಳೆಯಬಲ್ಲದು. ಎರಡೂ ಕಡೆ ಸಮನಾದ ಮೊತ್ತ ಬಿದ್ದರೆ ಯಾರು ಗೆದ್ದರೂ ನಡುವಿನ ಅಂತರ ಕಂಪನಿಯದು.

ಗಾಲ್ಫ್ ಏಕೆ ಅಷ್ಟು ಸುಲಭಕ್ಕೆ ಊಹೆಗೆ ಸಿಗುವುದಿಲ್ಲ?

'ಗಾಲ್ಫ್ ಕೌಶಲದ ಆಟ. ಆಟಗಾರರ ಫಾರ್ಮ್ ಗೊತ್ತಿದ್ದರೆ ಸಾಕು' ಎಂಬ ಮಾತು ಅರ್ಧ ಮಾತ್ರ ನಿಜ.

ಸಂಶೋಧಕರಾದ ರಾಬರ್ಟ್ ಕನೊಲಿ ಮತ್ತು ರಿಚರ್ಡ್ ರೆಂಡಲ್‌ಮನ್ ಅಮೆರಿಕದ ಪಿಜಿಎ ಟೂರ್‌ನ 1998ರಿಂದ 2001ರವರೆಗಿನ ಫಲಿತಾಂಶಗಳನ್ನು ವಿಶ್ಲೇಷಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರತಿ ಆಟಗಾರನ ನಿಜವಾದ ಸಾಮರ್ಥ್ಯ ಎಷ್ಟು, ಅದಕ್ಕಿಂತ ಮೇಲೆ-ಕೆಳಗೆ ಆದದ್ದು ಎಷ್ಟು ಎಂದು ಅವರು ಬೇರ್ಪಡಿಸಿ ನೋಡಿದರು. ಟೂರ್ನಿ ಗೆದ್ದವರು ನಾಲ್ಕು ಸುತ್ತುಗಳಲ್ಲಿ ತಮ್ಮ ನಿರೀಕ್ಷಿತ ಮಟ್ಟಕ್ಕಿಂತ ಸರಾಸರಿ ಸುಮಾರು ಹತ್ತು ಹೊಡೆತ ಚೆನ್ನಾಗಿ ಆಡಿದ್ದರು. ಆ ಹತ್ತು ಹೊಡೆತಗಳನ್ನು ಅವರು ಅದೃಷ್ಟದ ಪಾಲು ಎಂದೇ ಲೆಕ್ಕ ಹಾಕಿದರು. ಅಂದರೆ ಕೌಶಲವಿಲ್ಲದೆ ಆ ಮಟ್ಟಕ್ಕೆ ಬರಲಾಗದು, ನಿಜ. ಆದರೆ ಆ ವಾರ ಗೆಲ್ಲಲು ಕೌಶಲವೊಂದೇ ಸಾಲದು.

ಇದಕ್ಕೆ ಕಾರಣಗಳು ಹಲವು.

ಹವಾಮಾನ: ಬ್ರಿಟನ್‌ನ ಕಡಲ ದಂಡೆಯ ಅಂಗಳಗಳಲ್ಲಿ ಬೆಳಗ್ಗೆ ಆಡಿದವರಿಗೆ ಒಂದು ಗಾಳಿ, ಮಧ್ಯಾಹ್ನ ಆಡಿದವರಿಗೆ ಇನ್ನೊಂದು. 2002ರಲ್ಲಿ ಟೈಗರ್ ವುಡ್ಸ್ ಮಾಸ್ಟರ್ಸ್ ಮತ್ತು ಯುಎಸ್ ಓಪನ್ ಎರಡನ್ನೂ ಗೆದ್ದು ಸ್ಕಾಟ್ಲೆಂಡ್‌ನ ಮ್ಯೂರ್‌ಫೀಲ್ಡ್‌ಗೆ ದಿ ಓಪನ್ ಆಡಲು ಬಂದರು. ಶನಿವಾರದ ಗಾಳಿಮಳೆಗೆ ಸಿಕ್ಕಿ 81 ಹೊಡೆತ ಆಡಿದರು. ಮರುದಿನ ಅದೇ ಅಂಗಳದಲ್ಲಿ 65.

ಒಂದೇ ಹೋಲ್‌ನ ಎಡವಟ್ಟು: 1999ರ ದಿ ಓಪನ್, ಸ್ಕಾಟ್ಲೆಂಡ್‌ನ ಕಾರ್ನೂಸ್ಟಿ. ಫ್ರಾನ್ಸ್‌ನ ಜಾನ್ ವಾನ್ ಡಿ ವೆಲ್ಡ್ ಕೊನೆಯ ಹೋಲ್‌ಗೆ ಬಂದಾಗ ಮೂರು ಹೊಡೆತ ಮುಂದಿದ್ದರು. ಆ ಹೋಲ್ ಅನ್ನು 6 ಹೊಡೆತದಲ್ಲಿ ಮುಗಿಸಿದ್ದರೂ ಗೆಲ್ಲುತ್ತಿದ್ದರು, ತೆಗೆದುಕೊಂಡದ್ದು 7. ಪ್ಲೇ-ಆಫ್‌ನಲ್ಲಿ ಗೆದ್ದವರು ಪಾಲ್ ಲಾರಿ. ಆ ದಿನ ಬೆಳಗ್ಗೆ ಲಾರಿ ಹತ್ತು ಹೊಡೆತ ಹಿಂದಿದ್ದರು.

ಒತ್ತಡ: 2011ರ ಮಾಸ್ಟರ್ಸ್‌ನಲ್ಲಿ 21 ವರ್ಷದ ರೋರಿ ಮ್ಯಾಕಿಲ್‌ರಾಯ್ ಮೂರು ಸುತ್ತುಗಳ ನಂತರ ನಾಲ್ಕು ಹೊಡೆತ ಮುಂದಿದ್ದರು. ಕೊನೆಯ ದಿನ 80 ಹೊಡೆತ ಆಡಿ ಜಂಟಿ 15ನೇ ಸ್ಥಾನಕ್ಕೆ ಕುಸಿದರು. ಎರಡೇ ತಿಂಗಳಲ್ಲಿ ಯುಎಸ್ ಓಪನ್ ಅನ್ನು 8 ಹೊಡೆತಗಳಿಂದ ಗೆದ್ದರು. ಕೌಶಲ ಎರಡು ತಿಂಗಳಲ್ಲಿ ಬಂದದ್ದೂ ಅಲ್ಲ, ಆ ಭಾನುವಾರ ಮಾಯವಾದದ್ದೂ ಅಲ್ಲ.

ಮ್ಯಾಕಿಲ್‌ರಾಯ್ ಅವರ ಆ ಭಾನುವಾರವನ್ನು ಸ್ಪ್ರೆಡ್ ಲೆಕ್ಕದಲ್ಲಿ ನೋಡಿ. ಅಂದು ಬೆಳಗ್ಗೆ ಅವರ ಅಂತಿಮ ಸ್ಥಾನಕ್ಕೆ 2–3 ಎಂಬ ದರವಿತ್ತು ಎನ್ನಿ. 'ಗೆದ್ದೇ ಗೆಲ್ಲುತ್ತಾರೆ' ಎಂದು 2ಕ್ಕೆ ಮಾರಿದವರಿಗೆ, ಅವರು ಗೆದ್ದರೂ ಸಿಗುವುದು ಒಂದೇ ಸ್ಥಾನದ ಲಾಭ. 15ಕ್ಕೆ ಕುಸಿದಾಗ ಹೋಗುವುದು 13 ಸ್ಥಾನದ ದುಡ್ಡು.

ಹಾಗಾದರೆ ಯಾವಾಗಲೂ 3ಕ್ಕೆ ಕೊಂಡುಬಿಡಬಹುದಲ್ಲ, ನಷ್ಟ ಹೆಚ್ಚೆಂದರೆ ಎರಡೇ ಸ್ಥಾನ ಎನ್ನಿಸಬಹುದು. ಅದೂ ದಾರಿಯಲ್ಲ. ನಾಲ್ಕು ಹೊಡೆತ ಮುಂದಿರುವವರು ಬಹುತೇಕ ಸಲ ಮೊದಲ ಎರಡು-ಮೂರು ಸ್ಥಾನಗಳಲ್ಲೇ ಮುಗಿಸುತ್ತಾರೆ. ಕುಸಿತ ಅಪರೂಪ ಎಂಬುದನ್ನು ಲೆಕ್ಕ ಹಾಕಿಯೇ ದರ ಹೇಳಿರುತ್ತಾರೆ. ಸಣ್ಣ ಸಣ್ಣ ಸೋಲುಗಳು ಸೇರಿ ದೊಡ್ಡದಾಗುತ್ತವೆ.

ಹತ್ತರಲ್ಲಿ ಏಳು: ಲೆಕ್ಕ ಮಾಡಿ ನೋಡೋಣ

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಹತ್ತು ಟೂರ್ನಿಗಳು. ಪ್ರತಿ ಸಲವೂ ಗೆಲುವಿನ ಅಂತರವನ್ನು 2.0ಕ್ಕೆ ಮಾರುತ್ತೀರಿ, ಹೊಡೆತಕ್ಕೆ 50 ಪೌಂಡ್. ಅಂತರಗಳು ಹೀಗಿವೆ ಎನ್ನಿ: 0, 1, 1, 2, 1, 0, 1, 3, 1. ಹತ್ತನೆಯದು ಪೆಬಲ್ ಬೀಚ್‌ನಂಥದ್ದು: 15.

- ಅಂತರ ಸೊನ್ನೆಯಾದ ಎರಡು ಟೂರ್ನಿಗಳಲ್ಲಿ ತಲಾ 100, ಒಟ್ಟು 200 ಪೌಂಡ್ ಲಾಭ.
- ಅಂತರ ಒಂದಾದ ಐದರಲ್ಲಿ ತಲಾ 50, ಒಟ್ಟು 250 ಪೌಂಡ್ ಲಾಭ.
- ಅಂತರ ಎರಡಾದ ಒಂದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ.
- ಅಂತರ ಮೂರಾದ ಒಂದರಲ್ಲಿ 50 ಪೌಂಡ್ ನಷ್ಟ.

ಒಂಬತ್ತು ಟೂರ್ನಿ ಮುಗಿದಾಗ ಕೈಯಲ್ಲಿ 400 ಪೌಂಡ್. ಒಂಬತ್ತರಲ್ಲಿ ಏಳು ಗೆಲುವು. ಸೂತ್ರ ಸಿಕ್ಕಿಬಿಟ್ಟಿತು ಎನ್ನಿಸುವುದು ಈ ಹಂತದಲ್ಲೇ. ಕೆಲವರು ಹೊಡೆತಕ್ಕೆ 50 ಇದ್ದದ್ದನ್ನು 100 ಮಾಡುವುದೂ ಈ ಹಂತದಲ್ಲೇ. ಹತ್ತನೇ ಟೂರ್ನಿಯಲ್ಲಿ 650 ಪೌಂಡ್ ಹೋಗುತ್ತದೆ. ಒಟ್ಟು 250 ಪೌಂಡ್ ನಷ್ಟ. ಆ ಕೊನೆಯ ಬಾಜಿಯನ್ನು 100ಕ್ಕೆ ಏರಿಸಿದ್ದರೆ ನಷ್ಟ 900.

ಹತ್ತರಲ್ಲಿ ಏಳು ಸಲ ಊಹೆ ಸರಿಯಿತ್ತು. ಅಂಗಡಿ ಮುಚ್ಚಿಸಿದ್ದು ಒಂದೇ ಒಂದು ತಪ್ಪು. ಈ ಬಾಜಿಯಲ್ಲಿ ಎಷ್ಟು ಸಲ ಸರಿ ಎಂಬುದಕ್ಕಿಂತ, ತಪ್ಪಾದಾಗ ಎಷ್ಟು ದೂರಕ್ಕೆ ತಪ್ಪುತ್ತದೆ ಎಂಬುದೇ ಮುಖ್ಯ. 'ನಮ್ಮ ಟಿಪ್ಸ್ ಶೇ 70 ಸರಿ' ಎಂದು ಹೇಳಿಕೊಳ್ಳುವವರ ಮಾತು ನಿಜವೇ ಆಗಿದ್ದರೂ ಅದರಿಂದ ಏನೂ ತಿಳಿಯುವುದಿಲ್ಲ ಎಂಬುದು ಇದಕ್ಕೇ.

ಸಾಮಾನ್ಯ ತಪ್ಪು ಕಲ್ಪನೆಗಳು

ತಪ್ಪು ಕಲ್ಪನೆ 1: ಬ್ರಿಟನ್‌ನ ಹಣಕಾಸು ನಿಯಂತ್ರಕರ ಅಡಿಯಲ್ಲಿದೆ, ಹಾಗಾಗಿ ಇದು ಜೂಜಲ್ಲ, ಹೂಡಿಕೆ.

ವಾಸ್ತವ: ಕ್ರೀಡಾ ಸ್ಪ್ರೆಡ್ ಬೆಟ್ಟಿಂಗ್ ಬ್ರಿಟನ್‌ನಲ್ಲಿ ಜೂಜು ಆಯೋಗದ ಬದಲು ಹಣಕಾಸು ನಿಯಂತ್ರಣ ಸಂಸ್ಥೆಯಾದ ಎಫ್‌ಸಿಎ ಅಡಿಯಲ್ಲಿ ಬರುತ್ತದೆ ಎಂಬುದು ನಿಜ. ಕಾರಣ ಅದರ ರಚನೆ. ಕಾನೂನಿನ ಕಣ್ಣಿಗೆ ಅದು ಎರಡು ಅಂಕಿಗಳ ವ್ಯತ್ಯಾಸದ ಮೇಲಿನ ಒಪ್ಪಂದ. ಆದರೆ ಷೇರು ಕೊಂಡರೆ ಒಂದು ಕಂಪನಿಯ ಪಾಲು ನಿಮ್ಮದಾಗುತ್ತದೆ. ಮ್ಯಾಕಿಲ್‌ರಾಯ್ ಅವರ ಸ್ಥಾನವನ್ನು 'ಕೊಂಡರೆ' ನಿಮ್ಮದಾಗುವುದು ಏನೂ ಇಲ್ಲ.

ತಪ್ಪು ಕಲ್ಪನೆ 2: ಗೆದ್ದದ್ದಕ್ಕೆ ತೆರಿಗೆ ಇಲ್ಲ, ಹಾಗಾಗಿ ಲಾಭದಾಯಕ.

ವಾಸ್ತವ: ಬ್ರಿಟನ್‌ನಲ್ಲಿ ಇಂಥ ಗೆಲುವಿಗೆ ಸಾಮಾನ್ಯವಾಗಿ ವರಮಾನ ತೆರಿಗೆಯಾಗಲಿ ಬಂಡವಾಳ ಲಾಭ ತೆರಿಗೆಯಾಗಲಿ ಇಲ್ಲ. ಅದೇ ರೀತಿ, ಸೋತದ್ದನ್ನು ಬೇರೆ ಲಾಭದಲ್ಲಿ ಕಳೆದು ತೆರಿಗೆ ಉಳಿಸುವ ಅವಕಾಶವೂ ಇಲ್ಲ. ಬಹುಪಾಲು ಮಂದಿ ಸೋಲುವ ಕಡೆ ತೆರಿಗೆ ವಿನಾಯಿತಿ ದೊಡ್ಡ ಉಡುಗೊರೆಯೇನಲ್ಲ. ಇದೇ ರಚನೆಯ ಹಣಕಾಸು ಒಪ್ಪಂದಗಳ ಬಗ್ಗೆ ಯುರೋಪಿನ ಷೇರುಪೇಟೆ ಪ್ರಾಧಿಕಾರ ಎಸ್ಮಾ 2018ರಲ್ಲಿ ಹೇಳಿದ ಪ್ರಕಾರ ಸಾಮಾನ್ಯ ಗ್ರಾಹಕರ ಖಾತೆಗಳಲ್ಲಿ ಶೇ 74ರಿಂದ 89ರಷ್ಟು ನಷ್ಟದಲ್ಲಿದ್ದವು. ಇದು ಷೇರು, ಕರೆನ್ಸಿಗಳಂಥವುಗಳ ಲೆಕ್ಕವೇ ಹೊರತು ಗಾಲ್ಫ್‌ನದಲ್ಲ.

ತಪ್ಪು ಕಲ್ಪನೆ 3: ಜೂಜಿನ ಸಾಲವನ್ನು ಕೋರ್ಟಿನಲ್ಲಿ ವಸೂಲಿ ಮಾಡಲಾಗದು.

ವಾಸ್ತವ: ಬ್ರಿಟನ್‌ನಲ್ಲಿ ಬಹಳ ಕಾಲ ಮಾಮೂಲಿ ಜೂಜಿನ ಸಾಲಕ್ಕೆ ಈ ಮಾತು ಅನ್ವಯಿಸುತ್ತಿತ್ತು. ಆದರೆ ಸ್ಪ್ರೆಡ್ ಬೆಟ್ಟಿಂಗ್‌ಗೆ 1986ರ ಹಣಕಾಸು ಸೇವಾ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ಸಿಟಿ ಇಂಡೆಕ್ಸ್ ಎಂಬ ಕಂಪನಿ ತನ್ನ ಗ್ರಾಹಕರೊಬ್ಬರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಖಾತೆಯಲ್ಲಿದ್ದ ದುಡ್ಡಿಗಿಂತ ಹೆಚ್ಚು ಸೋತರೆ ಉಳಿದದ್ದು ನಿಜವಾದ ಸಾಲ.

ತಪ್ಪು ಕಲ್ಪನೆ 4: ಅಂಕಿ-ಅಂಶ ಚೆನ್ನಾಗಿ ಓದಿದರೆ ಕಂಪನಿಯನ್ನು ಸೋಲಿಸಬಹುದು.

ವಾಸ್ತವ: ಗಾಲ್ಫ್‌ನಲ್ಲಿ ಇಂದು ಅಂಕಿ-ಅಂಶಕ್ಕೆ ಬರವಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ರೂಪಿಸಿದ 'ಸ್ಟ್ರೋಕ್ಸ್ ಗೇನ್ಡ್' ಎಂಬ ಅಳತೆಯಿಂದ ಯಾವ ಆಟಗಾರ ಯಾವ ಬಗೆಯ ಹೊಡೆತದಲ್ಲಿ ಎಷ್ಟು ಮುಂದಿದ್ದಾನೆ ಎಂದು ತಿಳಿಯಬಹುದು. ಪಿಜಿಎ ಟೂರ್ 2011ರಿಂದ ಇದನ್ನು ಬಳಸುತ್ತಿದೆ. ಆದರೆ ನೀವು ಓದಿದ್ದನ್ನು ಕಂಪನಿಯೂ ಓದಿರುತ್ತದೆ. ಗಾಲ್ಫ್ ನಿಮಗೆ ಚೆನ್ನಾಗಿ ಗೊತ್ತಿದ್ದರೆ ಸಾಲದು. ಹೇಳಿದ ದರ ಎಷ್ಟು ತಪ್ಪು ಎಂಬುದು ಗೊತ್ತಿರಬೇಕು. ಆ ತಪ್ಪು ಸ್ಪ್ರೆಡ್‌ನ ಅರ್ಧಕ್ಕಿಂತ ದೊಡ್ಡದಿರಬೇಕು. ಅದು ಮತ್ತೆ ಮತ್ತೆ ಸಿಗಬೇಕು.

ತಪ್ಪು ಕಲ್ಪನೆ 5: ಗರಿಷ್ಠ ಮಿತಿ ಇರುವ ಬಾಜಿಯಲ್ಲಿ ಅಪಾಯವಿಲ್ಲ.

ವಾಸ್ತವ: ಕಟ್‌ನಲ್ಲಿ ಹೊರಬಿದ್ದರೆ 60 ಎಂದು ಕಂಪನಿ ಮಿತಿ ಹಾಕಿದೆ ಎನ್ನಿ. 30ಕ್ಕೆ ಮಾರಿದವರ ನಷ್ಟ 30 ಸ್ಥಾನ ದಾಟುವುದಿಲ್ಲ. ಅಪಾಯ ಇಲ್ಲವಾಗಲಿಲ್ಲ, ಎಷ್ಟೆಂದು ಮೊದಲೇ ತಿಳಿಯಿತು ಅಷ್ಟೇ. ಸ್ಥಾನಕ್ಕೆ 10 ಪೌಂಡ್ ಆದರೆ ಅದು 300 ಪೌಂಡ್‌ನ ಬಾಜಿ, 10 ಪೌಂಡ್‌ನದಲ್ಲ. ದೊಡ್ಡ ದೊಡ್ಡ ಆಟಗಾರರೂ ಕಟ್ ತಪ್ಪಿಸಿಕೊಳ್ಳುವುದು ಗಾಲ್ಫ್‌ನಲ್ಲಿ ಮಾಮೂಲಿ ಸಂಗತಿ.

ನಾಲ್ಕು ದಿನ ಏರುತ್ತಾ ಇಳಿಯುತ್ತಾ ಇರುವ ಅಂಕಿ

ಸ್ಪ್ರೆಡ್ ಬೆಟ್ಟಿಂಗ್‌ನಲ್ಲಿ ಬಾಜಿ ಕೊನೆಯವರೆಗೂ ಜೀವಂತ. ಆಟಗಾರ 40ನೇ ಸ್ಥಾನದಲ್ಲಿದ್ದರೂ ಪ್ರತಿ ಪಟ್‌ಗೆ ನಿಮ್ಮ ಖಾತೆಯ ಅಂಕಿ ಬದಲಾಗುತ್ತದೆ. ಇದೇ ಇದರ ಆಕರ್ಷಣೆ ಎನ್ನುತ್ತಾರೆ ಇಷ್ಟಪಡುವವರು. ಅಪಾಯವೂ ಅದೇ.

'ಇನ್ನೇನು ಗೆದ್ದೆ' ಎನ್ನುವಷ್ಟು ಹತ್ತಿರ ಬಂದು ಸೋತಾಗ ಮನಸ್ಸು ಏನು ಮಾಡುತ್ತದೆ ಎಂಬುದನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು ಸ್ಲಾಟ್ ಯಂತ್ರದಂಥ ಆಟ ಬಳಸಿ ಪರೀಕ್ಷಿಸಿ 2009ರಲ್ಲಿ ವರದಿ ಮಾಡಿದರು. ಕೂದಲೆಳೆಯಲ್ಲಿ ತಪ್ಪಿದ ಸೋಲು, ಗೆಲುವಿಗೆ ಸ್ಪಂದಿಸುವ ಮಿದುಳಿನ ಭಾಗಗಳನ್ನೇ ಎಬ್ಬಿಸುತ್ತಿತ್ತು. ಇನ್ನೂ ಆಡಬೇಕೆಂಬ ಆಸೆಯನ್ನೂ ಕೆಲವು ಸಂದರ್ಭಗಳಲ್ಲಿ ಹೆಚ್ಚಿಸುತ್ತಿತ್ತು. ಗಾಲ್ಫ್‌ನಲ್ಲಿ ಹೋಲ್‌ನ ಅಂಚು ಸವರಿ ಹೋಗುವ ಚೆಂಡಿಗೆ ಕೊರತೆಯೇ ಇಲ್ಲ.

ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಜೂಜಿನ ವ್ಯಸನವನ್ನು ಮದ್ಯ, ಮಾದಕವಸ್ತುಗಳ ವ್ಯಸನದ ಸಾಲಿಗೇ ಸೇರಿಸಿದೆ. ಹೋದ ದುಡ್ಡನ್ನು ಮರಳಿ ಪಡೆಯಲು ಮತ್ತೆ ಬಾಜಿ ಕಟ್ಟುವುದು, ಮೊತ್ತ ಏರಿಸುತ್ತಾ ಹೋಗುವುದು, ಮನೆಯವರಿಂದ ಮುಚ್ಚಿಡುವುದು, ನಿಲ್ಲಿಸಲು ಯತ್ನಿಸಿ ಸೋಲುವುದು: ಇವು ಅದರ ಮುಖ್ಯ ಲಕ್ಷಣಗಳಲ್ಲಿ ಕೆಲವು. ಇದು ಸ್ವಭಾವದ ದೋಷವಲ್ಲ, ಚಿಕಿತ್ಸೆಯಿರುವ ಸಮಸ್ಯೆ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬ್ರಿಟನ್‌ನಲ್ಲಿರುವವರಿಗೆ ರಾಷ್ಟ್ರೀಯ ಜೂಜು ಸಹಾಯವಾಣಿ 0808 8020 133.

ಭಾರತದಿಂದ ಆಡಬಹುದೇ?

ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದು, ಅವುಗಳ ಜಾಹೀರಾತು, ಅವುಗಳಿಗೆ ಬ್ಯಾಂಕುಗಳ ಮೂಲಕ ಹಣ ಸಾಗಿಸುವುದು ಎಲ್ಲವನ್ನೂ ನಿಷೇಧಿಸುತ್ತದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದ ಅದಕ್ಕಿಲ್ಲ. ಶಿಕ್ಷೆಯ ಗುರಿ ಆಡುವವರಲ್ಲ, ಆಡಿಸುವವರು ಮತ್ತು ಪ್ರಚಾರ ಮಾಡುವವರು.

ಆದ್ದರಿಂದ 'ಲಂಡನ್ ಪರವಾನಗಿ ಇದೆ, ಇಲ್ಲಿಂದಲೇ ಆಡಿ' ಎಂದು ಟೆಲಿಗ್ರಾಂನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಬರುವ ಲಿಂಕ್‌ಗಳನ್ನು ನಂಬಬೇಡಿ. ಅಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಬ್ರಿಟನ್‌ನ ನಿಯಂತ್ರಕರ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಕಾನೂನುಬದ್ಧವೇ; ಆದರೂ ಕಂಪನಿಯ ಹೆಸರು ಎಫ್‌ಸಿಎ ನೋಂದಣಿ ಪಟ್ಟಿಯಲ್ಲಿ ಇದೆಯೇ ಎಂದು ಅದರ ಜಾಲತಾಣದಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ನೆನಪಿಡಬೇಕಾದದ್ದು

ಯಾರಾದರೂ 'ಹೊಡೆತಕ್ಕೆ ಇಷ್ಟೇ ಪೌಂಡ್' ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ತೀರಾ ಕೆಟ್ಟದ್ದು ಆದರೆ ಎಷ್ಟು ಹೊಡೆತ? ಉತ್ತರ ಗೊತ್ತಿಲ್ಲದಿದ್ದರೆ, ಎಷ್ಟು ದುಡ್ಡು ಕಟ್ಟುತ್ತಿದ್ದೇವೆ ಎಂಬುದೇ ಗೊತ್ತಿಲ್ಲ ಎಂದರ್ಥ. ಪೆಬಲ್ ಬೀಚ್‌ನ 15 ಹೊಡೆತ, ಅಗಸ್ಟಾದ ಆ 80, ಕಾರ್ನೂಸ್ಟಿಯ ಕೊನೆಯ ಹೋಲ್ ಇವೆಲ್ಲ ನೋಡುವವರಿಗೆ ಗಾಲ್ಫ್‌ನ ಮರೆಯಲಾಗದ ಗಳಿಗೆಗಳು. ನೋಡಿ ಆನಂದಿಸುವುದಕ್ಕೆ ಖರ್ಚೇನೂ ಇಲ್ಲ.